ಪ್ರಾಸವನ್ನು ಕೇಳುವ ಕಿವಿ: ದಂಡು ಪ್ರದೇಶದ ತರಗತಿಗಳಲ್ಲಿ ಕನ್ನಡ ಛಂದಸ್ಸು

ನಮ್ಮ ಪಾಠಶಾಲೆಗಳಲ್ಲಿ ಛಂದಸ್ಸನ್ನು ಕಲಿಸುವ ಕ್ರಮವು ಬಹುಮಟ್ಟಿಗೆ ಪ್ರಸ್ತಾರ ಹಾಕುವುದರಲ್ಲಿಯೇ ಪರ್ಯವಸಾನವಾಗುತ್ತಿರುವುದು ಉಪಾಧ್ಯಾಯ ವರ್ಗಕ್ಕೆ ಚೆನ್ನಾಗಿ ತಿಳಿದ ವಿಷಯ. ವಿದ್ಯಾರ್ಥಿಯು ಪದ್ಯದ ಮೇಲೆ ಲಘುಗುರುಗಳ ಗುರುತನ್ನು ಹಾಕುತ್ತಾನೆ, ಗೆರೆಯೆಳೆದು ಗಣಗಳನ್ನು ವಿಂಗಡಿಸುತ್ತಾನೆ, ಕೆಳಗೆ ಛಂದಸ್ಸಿನ ಹೆಸರನ್ನು ಬರೆಯುತ್ತಾನೆ. ಅಲ್ಲಿಗೆ ಅಂಕಗಳು ದೊರೆಯುತ್ತವೆ. ಅದೇ ಪದ್ಯವನ್ನು ಬಾಯಿಬಿಟ್ಟು ಓದೆಂದರೆ ಮೂರನೆಯ ಸಾಲಿನಲ್ಲಿ ಎಡವುತ್ತಾನೆ. ಗುರುತು ಸರಿಯಾಗಿದೆ, ಕಿವಿ ಏಳಲಿಲ್ಲ. ಅಲಂಕಾರಗಳ ಪಾಠವೂ ಇದಕ್ಕಿಂತ ಮೇಲೇನೂ ಅಲ್ಲ; ಉಪಮೇಯವಿದು, ಉಪಮಾನವಿದು ಎಂದು ಹೆಸರಿಟ್ಟ ಮೇಲೆ ಆ ಉಪಮೆಯು ಆ ಸ್ಥಳದಲ್ಲಿ ಏಕೆ ಬಂದಿತೆಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಅಲಂಕಾರವನ್ನು ಹಿಡಿಯುವುದಕ್ಕೊಂದು ಕಾಲ, ಬಿಡುವುದಕ್ಕೊಂದು ಕಾಲ ಉಂಟೆಂದು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ಎಚ್ಚರಿಸಿದ್ದನು. ನಮ್ಮ ಪ್ರಶ್ನಪತ್ರಿಕೆಗಳಿಗೆ ಆ ಮಾತು ಇನ್ನೂ ಮುಟ್ಟಿದಂತೆ ಕಾಣುವುದಿಲ್ಲ.

ಪ್ರಕೃತ ಲೇಖನದ ವಿಷಯ ಇದಕ್ಕಿಂತ ಕಿರಿದು. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಮೂಡಲಿಗಿರುವ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿಯೂ ಕನ್ನಡ ಪಾಠಕ್ಕೆ ಕುಳಿತುಕೊಳ್ಳುವ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಉರ್ದುವನ್ನೋ ಆಡುವವರು. ೧೮೦೯ರಲ್ಲಿ ದಂಡು ನೆಲಸಿದಂದಿನಿಂದ ಆ ಭಾಗದ ಸ್ಥಿತಿ ಹೀಗೆಯೇ. ೧೯೪೯ರಲ್ಲಿ ದಂಡಿನ ಪೌರಸಭೆಯೂ ಪೇಟೆಯ ಪೌರಸಭೆಯೂ ಸೇರಿ ಒಂದಾದುವು, ಆದರೆ ಮನೆಮಾತುಗಳು ಒಂದಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ಈ ಮಕ್ಕಳಿಗೆ ಕನ್ನಡ ಛಂದಸ್ಸು ಹತ್ತುವುದಿಲ್ಲವೆಂದು ಉಪಾಧ್ಯಾಯರಲ್ಲಿ ಒಂದು ಅಭಿಪ್ರಾಯವಿದೆ. ನಾನೂ ಕೆಲವು ವರ್ಷ ಅದನ್ನು ನಂಬಿದ್ದೆನು. ಈಗ ಅದು ತಪ್ಪೆಂದು ಮಾತ್ರವಲ್ಲ, ನಿಜಸ್ಥಿತಿಯು ಅದಕ್ಕೆ ನೇರವಾಗಿ ವಿರುದ್ಧವಾದದ್ದೆಂದು ಹೇಳಬೇಕಾಗಿದೆ.

ಕನ್ನಡ ಪದ್ಯದ ಜೀವಾಳವೆಂದು ಹಿಂದಿನವರು ಎಣಿಸಿದ್ದು ಆದಿಪ್ರಾಸವನ್ನು, ಅಂದರೆ ಪಾದಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವು ಬರುವುದನ್ನು. ಕನ್ನಡ ಕವಿಗಳು ಪ್ರಾಸವನ್ನು ಅತಿಶಯವೆಂದು ಹಿಡಿದು ಯತಿಯನ್ನು ಮೀರಿದರೆಂಬ ವಿಚಾರವು ಕವಿರಾಜಮಾರ್ಗದಲ್ಲಿಯೇ ಬಂದಿದೆ. ನಾಗವರ್ಮನು ಛಂದೋಂಬುಧಿಯಲ್ಲಿ ಪ್ರಾಸಗಳನ್ನು ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಆರಾಗಿ ವಿಂಗಡಿಸಿದನು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ; ಪ್ರಾಸಾಕ್ಷರವೇ ಬೇರೆ ಬೇರೆ ವ್ಯಂಜನಗಳ ಒತ್ತಾದರೆ ಶರಭ, ಒಂದೇ ವ್ಯಂಜನದ ದ್ವಿತ್ವವಾದರೆ ಹಯ. ಈ ಪಟ್ಟಿಯನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇದು ಮೃಗಶಾಲೆಯ ಪಟ್ಟಿಯಲ್ಲ, ಕೇಳ್ಮೆಯ ನಿಯಮವೆಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಪಾಠಕ್ಕಾಗಿ ನಾನೇ ಕಟ್ಟಿಕೊಂಡ ಎರಡು ಸಾಲುಗಳನ್ನು ಇಲ್ಲಿ ಕೊಡುತ್ತೇನೆ, ಕಾವ್ಯವೆಂದಲ್ಲ, ಒರೆಗಲ್ಲೆಂದು.

ಕೆರೆಯ ನೀರಲಿ ತೆರೆಯು ಮೂಡಲು
ಮರದ ನೆರಳದು ಕರಗಿ ಹೋಯಿತು

ಮೂರು, ನಾಲ್ಕು, ಮೂರು, ನಾಲ್ಕು ಎಂದು ಪ್ರತಿ ಸಾಲಿಗೆ ಹದಿನಾಲ್ಕು ಮಾತ್ರೆಗಳು. ಭಾಮಿನೀ ಷಟ್ಪದಿಯ ಮೊದಲ ಎರಡು ಸಾಲುಗಳ ನಡೆ ಇದೇ. ಈಗ ಮೊದಲನೆಯ ಸಾಲನ್ನು "ನೀರಲಿ ಕೆರೆಯ ಮೂಡಲು ತೆರೆಯು" ಎಂದು ತಿರುಗಿಸಿ ಓದಿಸಬೇಕು. ಮಾತ್ರೆಗಳು ಹದಿನಾಲ್ಕೇ, ಒಂದು ಪದವೂ ಹೆಚ್ಚು ಕಡಮೆಯಾಗಲಿಲ್ಲ. ಆದರೆ ನಾಲ್ಕು ಮುಂದಾಗಿ ಮೂರು ಹಿಂದಾದ ಕೂಡಲೆ ಹೆಜ್ಜೆ ಬದಲಾಯಿತು; ಎರಡನೆಯ ಸಾಲಿಗೆ ಬರುವಾಗ ಓದುವವನ ಕಾಲು ತೊಡರುತ್ತದೆ. ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ತಿರುಗಿಸಿದ ಸಾಲಿನಲ್ಲಿಯೂ ಎರಡನೆಯ ಅಕ್ಷರ ರಕಾರವೇ. ಹಾಗಾದರೆ ಪ್ರಾಸ ಉಳಿಯಿತೆ? ಉಳಿಯಲಿಲ್ಲ. 'ನೀರ' ಎಂಬಲ್ಲಿ ಹಿಂದಿನ ಅಕ್ಷರ ದೀರ್ಘ, 'ಮರ' ಎಂಬಲ್ಲಿ ಹ್ರಸ್ವ; ಒಂದು ಗಜ, ಇನ್ನೊಂದು ಸಿಂಹ. ಆನೆಗೂ ಸಿಂಹಕ್ಕೂ ಜೊತೆಯಿಲ್ಲವೆಂಬುದನ್ನು ಕಿವಿಯೇ ಹೇಳುತ್ತದೆ. ಕಂದದ ಒಂದು ಪಾದ ಲಘುವಿನಿಂದ ಮೊದಲಾದರೆ ಉಳಿದ ಮೂರೂ ಲಘುವಿನಿಂದಲೇ ಮೊದಲಾಗಬೇಕೆಂಬ ಕಟ್ಟು ಬೇರೆ ನಿಯಮವೇನೂ ಅಲ್ಲ, ಇದರ ಫಲವೇ.

ಈ ಎರಡು ಸಾಲುಗಳನ್ನು ಹಲಸೂರಿನ ಕಡೆಯ ಒಂದು ತರಗತಿಯಲ್ಲಿ ಹಲಗೆಯ ಮೇಲೆ ಬರೆದಿದ್ದಾಗ, ಮನೆಯಲ್ಲಿ ತಮಿಳನ್ನಾಡುವ ಹುಡುಗಿಯೊಬ್ಬಳು ನಾನು ತೋರಿಸುವ ಮೊದಲೇ 'ಕೆರೆ'ಗೂ 'ತೆರೆ'ಗೂ ಅಡಿಗೆರೆಯೆಳೆದಳು. ನಾನು ತೋರಿಸಬೇಕೆಂದಿದ್ದದ್ದು 'ಕೆರೆ' ಮತ್ತು 'ಮರ'ಗಳನ್ನು. ಅವಳು ಕಂಡದ್ದು ತಪ್ಪಲ್ಲ. ತಮಿಳಿನ ಎದುಗೈ ಎಂಬುದು ನಮ್ಮ ಆದಿಪ್ರಾಸದ ಒಡಹುಟ್ಟು. ಅಲ್ಲಿಯೂ ಎರಡನೆಯ ಅಕ್ಷರವೇ ಮುಖ್ಯ, ಅಲ್ಲಿಯೂ ಮೊದಲಕ್ಷರದ ಹ್ರಸ್ವದೀರ್ಘಗಳು ಹೊಂದಬೇಕು. ಆದರೆ ಅದು ಅಡಿಯಿಂದ ಅಡಿಗೆ ಬರುವಂತೆಯೇ ಒಂದೇ ಅಡಿಯ ಸೀರುಗಳ ನಡುವೆಯೂ ಬರುತ್ತದೆ. ಒಂದನೆಯ ಮತ್ತು ಮೂರನೆಯ ಸೀರುಗಳ ಹೊಂದಿಕೆಗೆ ಅವರಲ್ಲಿ ಪ್ರತ್ಯೇಕವಾದ ಹೆಸರೇ ಇದೆ. ಮೇಲಾಗಿ ಶುದ್ಧವಾದ ಎದುಗೈಯಲ್ಲಿ ವ್ಯಂಜನದೊಡನೆ ಸ್ವರವೂ ಒಂದಾಗಬೇಕು. ವ್ಯಂಜನ ಮಾತ್ರ ಒಂದಾದರೆ ಅದು ಎರಡನೆಯ ತರಗತಿಯದು. ಆದುದರಿಂದ ಅವಳಿಗೆ 'ಕೆರೆ–ತೆರೆ' ಪೂರ್ಣವಾಗಿಯೂ 'ಕೆರೆ–ಮರ' ಅರೆಯಾಗಿಯೂ ಕೇಳಿಸಿತು. ನಮ್ಮ ಪ್ರಾಸವು ಸ್ವರವನ್ನು ಕವಿಯ ಸ್ವಾತಂತ್ರ್ಯಕ್ಕೆ ಬಿಟ್ಟು ವ್ಯಂಜನವನ್ನು ಮಾತ್ರ ಕಟ್ಟುತ್ತದೆಂಬ ತತ್ತ್ವವನ್ನು ಆ ದಿನ ತರಗತಿಗೆ ನಾನು ಕಲಿಸಲಿಲ್ಲ. ಆ ಹುಡುಗಿಯ ಅಡಿಗೆರೆ ಕಲಿಸಿತು.

ಈ ಸಂಬಂಧ ಹೊಸದೇನೂ ಅಲ್ಲ. ತಮಿಳಿನ ಛಂದೋಗ್ರಂಥವಾದ ಯಾಪ್ಪರುಂಗಲಕ್ಕಾರಿಗೈಯ ವ್ಯಾಖ್ಯಾನದಲ್ಲಿ, ಈ ಗ್ರಂಥವು ಗುಣಗಾಂಕಿಯವೆಂಬ ಕನ್ನಡ ಛಂದಸ್ಸಿನಂತೆ ಸ್ತ್ರೀಯನ್ನು ಸಂಬೋಧಿಸಿ ರಚಿತವಾಗಿದೆಯೆಂದು ಹೇಳಿದೆ. ಆ ಕನ್ನಡ ಗ್ರಂಥ ನಮಗೆ ದೊರೆತಿಲ್ಲ. ಅದರ ಹೆಸರನ್ನು ಕಾಪಾಡಿಕೊಟ್ಟವರು ತಮಿಳರು. ನಾಗವರ್ಮನ ಗ್ರಂಥವೂ ಹೆಂಗಸೊಬ್ಬಳನ್ನು ಕರೆದು ಹೇಳುವ ಕ್ರಮದಲ್ಲಿಯೇ ಇದೆ. ಕಿಟ್ಟೆಲರು ೧೮೭೫ರಲ್ಲಿ ಮಂಗಳೂರಿನಲ್ಲಿ ಅದನ್ನು ಅಚ್ಚು ಮಾಡಿಸಿದಂದಿನಿಂದ ನಾವು ಅದರ ಸೂತ್ರಗಳನ್ನು ಓದುತ್ತ ಬಂದಿದ್ದೇವೆ. ಅದು ಒಬ್ಬರೊಡನೆ ಆಡಿದ ಮಾತೆಂಬುದನ್ನು ಮರೆತಿದ್ದೇವೆ.

ತೆಲುಗಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಕೃಷ್ಣರಾಜಪುರದ ಕಡೆಯ ತೆಲುಗು ಮನೆಯ ಹುಡುಗನಿಗೆ ಪ್ರಾಸವೆಂದರೆ ಹೊಸದಲ್ಲ. ಹೆಸರೂ ಒಂದೇ, ವಸ್ತುವೂ ಒಂದೇ. ತೊಡಕು ಬರುವುದು ಯತಿಯಲ್ಲಿ. ನಮಗೆ ಯತಿಯೆಂದರೆ ನಿಲುಗಡೆ. ಅವರಿಗೆ ಯತಿಯೆಂದರೆ ಪಾದದ ಮೊದಲ ಅಕ್ಷರಕ್ಕೂ ಗೊತ್ತಾದ ಒಂದು ಸ್ಥಾನದ ಅಕ್ಷರಕ್ಕೂ ಇರಬೇಕಾದ ಮೈತ್ರಿ. ಕಂದಪದ್ಯವನ್ನೇ ನೋಡಬಹುದು. ಎರಡು ಭಾಷೆಗಳಲ್ಲಿಯೂ ಒಂದನೆಯ ಮೂರನೆಯ ಪಾದಗಳಿಗೆ ಹನ್ನೆರಡು, ಎರಡನೆಯ ನಾಲ್ಕನೆಯ ಪಾದಗಳಿಗೆ ಇಪ್ಪತ್ತು, ಒಟ್ಟು ಅರುವತ್ತುನಾಲ್ಕು ಮಾತ್ರೆಗಳು. ತೆಲುಗು ಕಂದದಲ್ಲಿ ಎರಡನೆಯ ಮತ್ತು ನಾಲ್ಕನೆಯ ಪಾದಗಳ ನಾಲ್ಕನೆಯ ಗಣದ ಮೊದಲಕ್ಷರಕ್ಕೆ ಪಾದದ ಮೊದಲಕ್ಷರದೊಡನೆ ಮೈತ್ರಿ ಬೇಕು. ಕನ್ನಡ ಕಂದಕ್ಕೆ ಈ ಕಟ್ಟು ಇಲ್ಲ. ಒಂದೇ ಪಾರಿಭಾಷಿಕ ಪದ ಎರಡು ಅರ್ಥಗಳಲ್ಲಿ ಓಡಾಡುತ್ತಿರುವಾಗ ಉಪಾಧ್ಯಾಯನು ಅದನ್ನು ಬಿಡಿಸಿ ಹೇಳದಿದ್ದರೆ, ಹುಡುಗನು ಕನ್ನಡ ಕವಿಗಳೆಲ್ಲರೂ ಯತಿಭಂಗ ಮಾಡಿದರೆಂದು ತಿಳಿದುಕೊಂಡು ಹೋಗುತ್ತಾನೆ. ಹಾಗೆ ತಿಳಿದುಕೊಂಡವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬರು ಆಗಲೇ ಉಪಾಧ್ಯಾಯರಾಗಿದ್ದರು.

ಶಿವಾಜಿನಗರದ ಉರ್ದು ಮನೆಗಳಿಂದ ಬರುವ ಮಕ್ಕಳ ಸ್ಥಿತಿ ಬೇರೆ. ಅವರ ಕಿವಿ ಸಾಲಿನ ಕೊನೆಯಲ್ಲಿದೆ. ಗಜಲಿನಲ್ಲಿ ರದೀಫು ಎಂಬ ಪದವೋ ಪದಸಮೂಹವೋ ಮಾರ್ಪಡದೆ ಮರಳಿ ಬರುತ್ತದೆ. ಅದರ ಹಿಂದೆಯೇ ಕಾಫಿಯಾ ಎಂಬ ಪ್ರಾಸ ನಿಲ್ಲುತ್ತದೆ. ಸಾಲಿನ ತಲೆಯಲ್ಲಿ ಪ್ರಾಸವಿಟ್ಟರೆ ಅದು ಕೇಳಿಸುವುದಾದರೂ ಹೇಗೆಂದು ಒಬ್ಬನು ನನ್ನನ್ನು ಕೇಳಿದನು. ಪ್ರಶ್ನೆ ನ್ಯಾಯವಾದದ್ದು. ಇಂಥವರಿಗೆ ಮೊದಲು ಷಟ್ಪದಿಯನ್ನು ಹಿಡಿಸದೆ ರಗಳೆಯನ್ನು ಓದಿಸುವುದು ಒಳ್ಳೆಯದೆಂದು ನನ್ನ ಅನುಭವ. ಹರಿಹರನ ರಗಳೆಗಳಲ್ಲಿ ಎರಡೆರಡು ಸಾಲುಗಳಿಗೆ ಅಂತ್ಯಪ್ರಾಸ ಸಾಮಾನ್ಯ. ಆ ಬಾಗಿಲಿನಿಂದ ಒಳಗೆ ಬಂದ ಕಿವಿಯು ಸಾಲಿನ ಮೊದಲಿನಲ್ಲಿರುವ ಪ್ರಾಸವನ್ನೂ ಕ್ರಮೇಣ ಗುರುತಿಸುತ್ತದೆ. ಶರೀಫರ ತತ್ತ್ವಪದಗಳ ಪಲ್ಲವಿಯನ್ನು ರದೀಫಿಗೆ ಹೋಲಿಸಿ ಪಾಠ ಹೇಳುವವರುಂಟು; ಅದು ಸರಿಯಲ್ಲ. ಪಲ್ಲವಿಯು ಪದವೆಲ್ಲವನ್ನೂ ತನ್ನೆಡೆಗೆ ಎಳೆದುಕೊಳ್ಳುತ್ತದೆ. ರದೀಫು ಒಂದೊಂದು ದ್ವಿಪದಿಯನ್ನೂ ಅದರದರ ದಾರಿಗೆ ಕಳುಹಿಸಿ ಕೊನೆಯಲ್ಲಿ ಮಾತ್ರ ಕೈಹಿಡಿಯುತ್ತದೆ.

ಇದೆಲ್ಲ ಹಳೆಯ ಕಾವ್ಯದ ಮಾತಾಯಿತು, ಹೊಸಗನ್ನಡ ಕಾವ್ಯಕ್ಕೆ ಇದರಿಂದ ಏನೆಂದು ಕೇಳಬಹುದು. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿ ಆದಿಪ್ರಾಸವನ್ನು ಬಿಟ್ಟರು, ೧೯೨೬ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದ ಮೇಲೆ ಹೊಸ ಪದ್ಯಬಂಧಗಳೂ ಅಂತ್ಯಪ್ರಾಸವೂ ರೂಢಿಗೆ ಬಂದುವು. ಈ ಸಂಗತಿಯನ್ನು ಪ್ರತಿ ಸಾಹಿತ್ಯಚರಿತ್ರೆಯೂ ಹೇಳುತ್ತದೆ, ಪ್ರತಿ ವಿದ್ಯಾರ್ಥಿಯೂ ಬರೆಯುತ್ತಾನೆ. ಆದರೆ ಆದಿಪ್ರಾಸವನ್ನು ಒಮ್ಮೆಯೂ ಕಿವಿಯಿಂದ ಕೇಳದವನಿಗೆ ಪ್ರಾಸತ್ಯಾಗವೆಂದರೆ ಏನರ್ಥ? ಏನನ್ನು ಬಿಟ್ಟರೆಂದು ತಿಳಿಯದವನು ಬಿಟ್ಟವರ ಧೈರ್ಯವನ್ನೂ ತಿಳಿಯಲಾರನು. ೧೯೪೩ರಲ್ಲಿ ಹೊರಬಿದ್ದ ಮಂಕುತಿಮ್ಮನ ಕಗ್ಗದಲ್ಲಿ ಡಿ. ವಿ. ಗುಂಡಪ್ಪನವರು ಅದೇ ಆದಿಪ್ರಾಸವನ್ನು ಉಳಿಸಿಕೊಂಡದ್ದು ಏಕೆಂಬ ಪ್ರಶ್ನೆಯಂತೂ ಅವನಿಗೆ ಹುಟ್ಟುವುದೇ ಇಲ್ಲ.

ಕೊನೆಯದಾಗಿ ಹಲಸೂರು ಕೆರೆಯ ಬಳಿಯ ತಿರುವಳ್ಳುವರ ಪ್ರತಿಮೆಯನ್ನು ಕುರಿತು ಒಂದು ಮಾತು. ಸ್ಥಾಪನೆಯಾದ ಮೇಲೆ ಬಹು ವರ್ಷ ಮುಸುಕಿನಲ್ಲಿಯೇ ಇದ್ದ ಆ ಪ್ರತಿಮೆ ೨೦೦೯ನೆಯ ಆಗಸ್ಟ್ ೯ರಂದು ಅನಾವರಣಗೊಂಡಿತು. ನಾಲ್ಕು ದಿನಗಳ ತರುವಾಯ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯ ಅನಾವರಣವಾಯಿತು. ಇಬ್ಬರೂ ನೀತಿಯನ್ನು ಹೇಳಿದವರೆಂಬ ಕಾರಣದಿಂದ ಈ ಜೋಡಿಯನ್ನು ಮಾಡಿದರೆಂದು ತೋರುತ್ತದೆ. ಆದರೆ ಛಂದಸ್ಸಿನ ದೃಷ್ಟಿಯಿಂದ ಈ ಜೋಡಿ ಅದಕ್ಕಿಂತ ಸ್ವಾರಸ್ಯವಾದದ್ದು. ಕುಱಳು ಎರಡು ಅಡಿಗಳ ಪದ್ಯ: ಮೊದಲನೆಯದಕ್ಕೆ ನಾಲ್ಕು ಸೀರು, ಎರಡನೆಯದಕ್ಕೆ ಮೂರು, ಏಳನೆಯ ಸೀರು ಮೊಟಕಾದದ್ದು. ತ್ರಿಪದಿಯಲ್ಲಿ ನಾಲ್ಕು, ನಾಲ್ಕು, ಮೂರು ಎಂದು ಹನ್ನೊಂದು ಅಂಶಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದುವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯದು ಈ ಬಂಧ. ಎರಡು ಬಂಧಗಳಲ್ಲಿಯೂ ಕಡೆಯ ಸಾಲು ಕಿರಿದು, ಮಾತು ಅಲ್ಲಿ ಬಿಗಿದುಕೊಳ್ಳುತ್ತದೆ.

ಭೇದವಿರುವುದು ಬಿಗಿಯುವ ಬಗೆಯಲ್ಲಿ. ಕುಱಳಿನಲ್ಲಿ ಅರ್ಥವು ಆ ಮೊಟಕಾದ ಕೊನೆಯ ಸೀರಿನವರೆಗೂ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಸರ್ವಜ್ಞನ ತ್ರಿಪದಿಯಲ್ಲಿ ಹನ್ನೊಂದನೆಯ ಗಣವನ್ನು ಅಂಕಿತವೇ ತುಂಬುತ್ತದೆ. 'ಸರ್ವಜ್ಞ' ಎಂಬಲ್ಲಿ ಗುರು, ಗುರು, ಲಘು, ಹೀಗೆ ಮೂರು ಅಂಶಗಳು; ಅದು ತಾನೇ ಒಂದು ವಿಷ್ಣುಗಣ. ಆದುದರಿಂದ ಹೇಳಬೇಕಾದ ಮಾತೆಲ್ಲವೂ ಹತ್ತನೆಯ ಗಣದೊಳಗೆ, ಅಂದರೆ ಎರಡೇ ಅಂಶಗಳ ಬ್ರಹ್ಮಗಣದಲ್ಲಿ ಮುಗಿಯಬೇಕು. ಮೂರನೆಯ ಸಾಲಿನಲ್ಲಿ ಅರ್ಥಕ್ಕೆ ಉಳಿದ ಸ್ಥಳ ಎರಡು ಗಣ ಮಾತ್ರ! ಸರ್ವಜ್ಞನ ಮಾತು ಕಡಿದಂತೆ, ಕೆಲವು ವೇಳೆ ಒರಟಾಗಿ ಕೇಳಿಸುವುದಕ್ಕೆ ಅವನ ಸ್ವಭಾವವನ್ನು ಕಾರಣವಾಗಿ ಹೇಳುವುದು ವಾಡಿಕೆ. ಬಂಧದ ಇಕ್ಕಟ್ಟೂ ಒಂದು ಕಾರಣವೆಂದು ನಾನು ಎಣಿಸುತ್ತೇನೆ. ಹಾಡುವವರು ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹಾಡಿ ಮೂರನೆಯದಕ್ಕೆ ಇಳಿಯುವುದರಿಂದ ಆ ಇಕ್ಕಟ್ಟು ಹಾಡಿನಲ್ಲಿ ಸ್ವಲ್ಪ ಸಡಿಲಾಗುತ್ತದೆ. ಅಚ್ಚಿನಲ್ಲಿ ಓದುವವನಿಗೆ ಆ ಸೌಕರ್ಯವಿಲ್ಲ. ಅಚ್ಚಾದ ಪಾಠಗಳಲ್ಲಿ ಅಂಶಗಣಗಳು ಕೆಟ್ಟು ಮಾತ್ರಾಗಣಗಳ ನಡೆಗೆ ಬಂದಿರುವ ತ್ರಿಪದಿಗಳೂ ಬಹಳ ಇವೆ. ಅಂಥವನ್ನು ಪ್ರಸ್ತಾರಕ್ಕೆ ಕೊಟ್ಟು ಮಕ್ಕಳನ್ನು ದಂಡಿಸಬಾರದು.

ಅಂಶಗಣದ ಬಂಧಗಳಲ್ಲಿ ಸಾಂಗತ್ಯವೊಂದನ್ನು ಇಲ್ಲಿ ಎತ್ತಿಕೊಂಡಿಲ್ಲ. ಹಾಡಿನ ಧಾಟಿಯನ್ನು ಬಿಟ್ಟು ಅದನ್ನು ಪಾಠ ಮಾಡಲು ಬರುವುದಿಲ್ಲವಾದುದರಿಂದ, ರತ್ನಾಕರವರ್ಣಿಯ ಭರತೇಶವೈಭವವನ್ನು ಮುಂದಿಟ್ಟುಕೊಂಡು ಆ ವಿಚಾರವನ್ನು ಬೇರೆಯಾಗಿಯೇ ಮಾಡತಕ್ಕದ್ದು.