ಠಾಣೆಯ ಜೀಪು ಮತ್ತು ಸಣ್ಣ ಊರಿನ ಪತ್ರಿಕೆ

ಪತ್ರಿಕಾ ಸ್ವಾತಂತ್ರ್ಯದ ಮಾತು ಬಂದಾಗ ನಮ್ಮ ಬುದ್ಧಿಜೀವಿಗಳು 1975ರ ತುರ್ತುಪರಿಸ್ಥಿತಿಯನ್ನು ನೆನೆದು ಸುಮ್ಮನಾಗುತ್ತಾರೆ. ಆಗ ಸೆನ್ಸಾರು ದಿಲ್ಲಿಯಿಂದ ಬಂತು, ಎಲ್ಲರ ಕಣ್ಣಿಗೂ ಬಿತ್ತು. ಆದರೆ ಸಣ್ಣ ಪತ್ರಿಕೆಯ ಕುತ್ತಿಗೆ ಹಿಚುಕಲು ತುರ್ತುಪರಿಸ್ಥಿತಿ ಬೇಕಿಲ್ಲ. ಒಂದು ಠಾಣೆ, ಒಂದು ಜೀಪು, ಒಂದು ಹಳೇ ಕೇಸು ಇದ್ದರೆ ಆಯ್ತು.

2009ರ ಜನವರಿಯಲ್ಲಿ ಮಂಗಳೂರಿನ 'ಕರಾವಳಿ ಅಲೆ'ಯ ಸಂಪಾದಕ ಬಿ.ವಿ. ಸೀತಾರಾಂ ಅವರನ್ನು ಹಳೆಯ ಮಾನನಷ್ಟ ಪ್ರಕರಣವೊಂದರಲ್ಲಿ ಉಡುಪಿ ಪೊಲೀಸರು ಬಂಧಿಸಿದರು. ಅದಕ್ಕೆ ಸ್ವಲ್ಪ ಮುಂಚೆ ಪತ್ರಿಕೆಯ ಹಂಚಿಕೆಯನ್ನೇ ತಡೆದು ಕಟ್ಟುಗಳನ್ನು ಸುಟ್ಟಿದ್ದರು. ಕಾಗದಪತ್ರ ಸರಿಯಿತ್ತೋ ಇಲ್ಲವೋ ಎಂಬುದು ಕೋರ್ಟಿನ ಮಾತು. ನಮ್ಮ ಪ್ರಶ್ನೆ ಬೇರೆ: ಸಂಪಾದಕನ ಮೇಲೆ ತೋರಿಸಿದ ಅವಸರವನ್ನು ಕಟ್ಟು ಸುಟ್ಟವರ ಮೇಲೂ ತೋರಿಸಿದರೇನು?

2012ರ ಜುಲೈ 28ರಂದು ಅದೇ ಮಂಗಳೂರಿನ ಪಡೀಲ್ ಹೋಮ್‌ಸ್ಟೇಯಲ್ಲಿ ಹುಡುಗ ಹುಡುಗಿಯರ ಮೇಲೆ ದಾಳಿ ಆಯಿತು. ಅದನ್ನು ಲೋಕಕ್ಕೆ ತೋರಿಸಿದ ವರದಿಗಾರ ನವೀನ್ ಸೂರಿಂಜೆಯನ್ನೇ ದಾಳಿಕೋರರ ಸಾಲಿನಲ್ಲಿ ಆರೋಪಿ ಮಾಡಿದರು. ನವೆಂಬರಿನಲ್ಲಿ ಜೈಲು, ಜಾಮೀನು ಸಿಕ್ಕಿದ್ದು ಮಾರ್ಚಿನಲ್ಲಿ. ಕಂಡದ್ದನ್ನು ಹೇಳಿದವನೇ ಕಳ್ಳನಾದ.

ಕಾನೂನು ಏನು ಹೇಳುತ್ತದೆ? ಮಾನನಷ್ಟ ಜಾಮೀನು ಸಿಗುವ ಅಪರಾಧ. ನೊಂದವನು ತಾನೇ ಕೋರ್ಟಿಗೆ ಹೋಗಬೇಕು. ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಯನ್ನೂ ಮಾಡುವಂತಿಲ್ಲ, ಬಂಧಿಸುವಂತೆಯೂ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಕಲಂ 499-500 ಹೋಗಿ 356 ಆಗಿದೆ, ಅಷ್ಟೇ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮಸುಮ್ಮನೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟು 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದರೆ ಕಾನೂನಿನ ಪುಸ್ತಕ ಬೆಂಗಳೂರಿನಲ್ಲಿದೆ, ಲಾಠಿ ನಮ್ಮೂರಿನಲ್ಲಿದೆ.

ಅಮೆರಿಕದ ಕಾನ್ಸಸ್‌ನಲ್ಲಿ ಮೇರಿಯನ್ ಅಂತ ಎರಡು ಸಾವಿರ ಜನರ ಊರು. 2023ರ ಆಗಸ್ಟ್ 11ರಂದು ಪೊಲೀಸರು ಅಲ್ಲಿನ ವಾರಪತ್ರಿಕೆಯ ಕಚೇರಿಗೂ ಮಾಲೀಕರ ಮನೆಗೂ ನುಗ್ಗಿ ಕಂಪ್ಯೂಟರು, ಫೋನು ಹೊತ್ತೊಯ್ದರು. ಮಾರನೇ ದಿನ 98 ವರ್ಷದ ಮುದುಕಿ, ಪತ್ರಿಕೆಯ ಸಹಮಾಲೀಕಳು, ತೀರಿಕೊಂಡಳು. ದೇಶದ ದೊಡ್ಡ ಪತ್ರಿಕೆಗಳು ಒಟ್ಟಿಗೆ ಎದ್ದು ನಿಂತವು. ವಾರದೊಳಗೆ ಸಾಮಾನು ವಾಪಸು ಬಂತು. ನಮ್ಮ ಪಟ್ಟಣದ ನಾಲ್ಕು ಪುಟದ ಪತ್ರಿಕೆಗೆ ಹೀಗಾದರೆ ರಾಜಧಾನಿಯ ಯಾವ ಪತ್ರಿಕೆ ಎದ್ದು ನಿಲ್ಲುತ್ತದೆ?

ಇಲ್ಲಿ ನಮ್ಮ ಅನುಮಾನಕ್ಕೆ ಇತಿಹಾಸ ಇದೆ. 1920ರಲ್ಲಿ ಅಂಬೇಡ್ಕರ್ 'ಮೂಕನಾಯಕ' ತಂದಾಗ, ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತನ್ನು 'ಕೇಸರಿ' ಹಾಕಲಿಲ್ಲ. ಸ್ವಾತಂತ್ರ್ಯದ ಪತ್ರಿಕೆಯೇ ಅಸ್ಪೃಶ್ಯರ ಪತ್ರಿಕೆಗೆ ಬಾಗಿಲು ಹಾಕಿತು. ಹಾಗಂತ ಸಣ್ಣ ಪತ್ರಿಕೆಗಳೆಲ್ಲ ಸಾಚಾ ಅಂತ ನಾವು ಹೇಳುವುದಿಲ್ಲ. ಗೌಡರ ಹುಟ್ಟುಹಬ್ಬದ ಜಾಹೀರಾತಿನಿಂದ ಹೊಟ್ಟೆ ಹೊರೆಯುವುವು ಇವೆ, ಹೆದರಿಸಿ ದುಡ್ಡು ಕೀಳುವವೂ ಇವೆ. ಅವನ್ನು ಓದುಗರು ಬಯ್ಯಲಿ, ಕೋರ್ಟು ಕೇಳಲಿ. ಜೀಪು ಕೇಳುವುದು ಬೇಡ. ಇವತ್ತು ಕೆಟ್ಟ ಪತ್ರಿಕೆಯ ಬಾಗಿಲು ಒಡೆದ ಕೈ ನಾಳೆ ನಮ್ಮ ಬಾಗಿಲಿಗೂ ಬರುತ್ತದೆ.

ಮಸರಕಲ್ಲಿನ ಚಾದಂಗಡಿಯಲ್ಲಿ ಕುಂತವರು ಕೇಳಬಹುದು: "ಅದೆಲ್ಲ ಮಂಗಳೂರಾಗ ಆಗಿದ್ದು, ನಮಗೇನ್ರಿ?" ನಮಗೂ ಐತಿ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲೂಕಿನಲ್ಲಿ ಅಕ್ರಮ ಮರಳಿನ ಲಾರಿ ತಡೆಯಲು ಹೋದ ಗ್ರಾಮಲೆಕ್ಕಿಗನ ಮೇಲೆ ಲಾರಿಯನ್ನೇ ಹರಿಸಿದರು, ಆತ ಸತ್ತ. ಸರಕಾರಿ ನೌಕರನ ಗತಿಯೇ ಇದು. ಹಂಗಂದ್ರ ಕೃಷ್ಣೆಯ ಮರಳಿನ ಬಗ್ಗೆ ದೇವದುರ್ಗದಲ್ಲಿ ಕುಂತು ಬರೆಯುವವನ ಗತಿ? ಅವನನ್ನು ಕಾಯಬೇಕಾದ ಜೀಪೇ ಅವನ ಮನೆ ಮುಂದೆ ನಿಂತರೆ ಅವನು ಯಾರ ಹತ್ತಿರ ಹೋಗಬೇಕು?

ನಮ್ಮ ಹತ್ತಿರ ಬರಬೇಕು. ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಠಾಣೆಗೆ ಕರೆದರೆ ಅವನನ್ನು ಒಬ್ಬನೇ ಕಳಿಸಬೇಡಿ. ಬಾಯಿಮಾತಿನ ಕರೆಗೆ ಹೋಗಬೇಡಿ, ಬರೆದ ನೋಟೀಸು ಕೇಳಿ, ಕಲಂ ಯಾವುದು ಕೇಳಿ. ಒಯ್ದ ಸಾಮಾನಿಗೆ ಪಟ್ಟಿ ಬರೆಸಿಕೊಳ್ಳಿ. ಸಂಚಿಕೆಯ ಹತ್ತು ಪ್ರತಿ ಹತ್ತು ಮನೆಯಲ್ಲಿ ಇಡಿ. ಸಾವಿರಾರು ವರ್ಷ ಅಕ್ಷರವನ್ನೇ ಮುಟ್ಟಗೊಡದೆ ನಮ್ಮನ್ನು ಇಟ್ಟಿದ್ದರು. ಸಿಕ್ಕ ಅಕ್ಷರವನ್ನು ಜೀಪಿಗೆ ಹತ್ತಿಸಿ ಕಳಿಸಲು ನಾವು ತಯಾರಿಲ್ಲ.