ಜಿನೀವಾ ಸಮಿತಿಯ ಒಂದು ಕಂಡಿಕೆ: ಇತಿಹಾಸದೃಷ್ಟಿಯ ವಿಮರ್ಶೆ

ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನ ಸಮಿತಿಯು 2007ರಲ್ಲಿ ಜಿನೀವಾದಲ್ಲಿ ಭಾರತದ ವರದಿಯನ್ನು ಪರಿಶೀಲಿಸಿ ಪ್ರಕಟಿಸಿದ ಅಭಿಪ್ರಾಯಗಳಲ್ಲಿ ವಿಮುಕ್ತ ಬುಡಕಟ್ಟುಗಳನ್ನು ಕುರಿತ ಕಿರಿದಾದ ಕಂಡಿಕೆಯೊಂದುಂಟು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪೂಜಿಸುವರು. ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಗಳಲ್ಲಿಯೂ ಅವರ ತಾಂಡಗಳಿವೆ. ಈ ಜನರನ್ನೂ ದೇಶದ ಹಲವೆಡೆ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಲಾಗಿತ್ತಾದುದರಿಂದ, ಆ ಕಂಡಿಕೆ ನಮ್ಮ ಪ್ರಾಂತದ ಇತಿಹಾಸಕಾರರ ಗಮನಕ್ಕೂ ಅರ್ಹವಾದುದು.

1871ರ ಕಾಯಿದೆಯಿಂದ ಅಪರಾಧಿಗಳೆನಿಸಿದವರು 'ರೂಢಿಗತ ಅಪರಾಧಿಗಳ ಕಾಯಿದೆ'ಯಡಿ ಇಂದಿಗೂ ಕಳಂಕಿತರಾಗಿದ್ದಾರೆ, ಅದನ್ನು ರದ್ದುಪಡಿಸಿ ಅವರಿಗೆ ಪುನರ್ವಸತಿ ಕಲ್ಪಿಸಬೇಕು ಎಂಬುದು ಸಮಿತಿಯ ಮಾತಿನ ತಾತ್ಪರ್ಯ. ಉದ್ದೇಶವೇನೋ ಉದಾತ್ತವಾದುದು; ಆಧಾರ ಮಾತ್ರ ಸಡಿಲ. 1871ರ ಕಾಯಿದೆ ಮೊದಲು ಜಾರಿಯಾದುದು ಉತ್ತರ ಭಾರತದಲ್ಲಿ. ಮದರಾಸಿಗೆ ಅನ್ವಯಿಸಿದುದು 1911ರ ಕಾಯಿದೆ. ಮೈಸೂರು ಸಂಸ್ಥಾನಕ್ಕಾದರೋ ಬ್ರಿಟಿಷ್ ಇಂಡಿಯದ ಕಾಯಿದೆಗಳು ತಾವಾಗಿ ಅನ್ವಯಿಸುತ್ತಿರಲಿಲ್ಲ. ಇನ್ನು ಸಮಿತಿ ಒಂದೇ ಎಂಬಂತೆ ಹೆಸರಿಸಿ 1952ರ ಇಸವಿಯನ್ನು ಕೊಟ್ಟಿರುವ ಕಾಯಿದೆ ವಸ್ತುತಃ ಒಂದಲ್ಲ. 1952 ಅಪರಾಧಿ ಬುಡಕಟ್ಟುಗಳ ಕಾಯಿದೆ ರದ್ದಾದ ವರ್ಷ. ಅದರ ಸ್ಥಾನಕ್ಕೆ ಬಂದವು ಬೇರೆ ಬೇರೆ ರಾಜ್ಯಗಳ ಬೇರೆ ಬೇರೆ ಶಾಸನಗಳು. ಮದರಾಸಿನದು 1948ರದು, ನಮ್ಮದು 1961ರದು. ಇದು ಕೇವಲ ಪಂಡಿತರ ತಕರಾರಲ್ಲ. ಬೆಂಗಳೂರಿನ ವಿಧಾನಮಂಡಲಕ್ಕೆ ಸೇರಬೇಕಾದ ಪ್ರಶ್ನೆಯನ್ನು ದೆಹಲಿಗೆ ಕೇಳಿದರೆ ಉತ್ತರ ಬಾರದಿರುವುದು ಸಹಜವೇ.

ಕಂಡಿಕೆಯ ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು: ಕಳಂಕಕ್ಕೆ ಹಿಂದಿನ ಚರಿತ್ರೆಯ ಸುಳಿವೇ ಅದರಲ್ಲಿಲ್ಲ. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲೀಸನ ಸೈನ್ಯಕ್ಕೆ ಹೇರೆತ್ತುಗಳ ಮೇಲೆ ಧಾನ್ಯ ಒದಗಿಸಿದವರು ಬಂಜಾರರು. ರಸ್ತೆ, ರೈಲುಗಳು ಬಂದು ಆ ಸಾಗಣೆ ನಿಂತ ಮೇಲೆ, ಅದೇ ಅಲೆದಾಟ ಸರ್ಕಾರದ ಕಣ್ಣಿಗೆ ಅಪರಾಧದ ಲಕ್ಷಣವಾಗಿ ಕಂಡಿತು.

ಭಾರತ 1968ರಲ್ಲಿ ಒಡಂಬಡಿಕೆಯನ್ನು ಅನುಮೋದಿಸಿತ್ತು. ಆದರೆ ಜಾತಿಯು ಅದರ ವ್ಯಾಪ್ತಿಗೆ ಬಾರದೆಂದು ಅದು ವಾದಿಸಿತು. ಸಮಿತಿ ತನ್ನ 2002ರ ಸಾಮಾನ್ಯ ಶಿಫಾರಸನ್ನು ಆಧರಿಸಿ ಅದನ್ನೊಪ್ಪಲಿಲ್ಲ. ಅದು ಸರಿಯೆಂದೇ ನಮ್ಮ ಮತ. ಆದರೆ ಚರ್ಚೆಯೆಲ್ಲ ಆ ವಾದದ ಸುತ್ತಲೇ ಸುತ್ತಿ, ಈ ಕಂಡಿಕೆ ಮೂಲೆಗುಂಪಾಯಿತು.

2024ರ ಅಕ್ಟೋಬರಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಕಾರಾಗೃಹಗಳಲ್ಲಿ ಜಾತಿಯಂತೆ ಕೆಲಸ ಹಂಚುವ ನಿಯಮಗಳನ್ನು ರದ್ದುಗೊಳಿಸುತ್ತ, ವಿಮುಕ್ತರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವುದನ್ನೂ ಖಂಡಿಸಿತು. ಹದಿನೇಳು ವರ್ಷ ತಡವಾಗಿ ಬಂದರೂ ಈ ತೀರ್ಪು ಸಮಿತಿಯ ಕಂಡಿಕೆಗಿಂತ ಹೆಚ್ಚು ಖಚಿತವಾದುದು. ಏಕೆಂದರೆ ಅದು ನಿಯಮಗಳನ್ನು ಒಂದೊಂದಾಗಿ ಓದಿ, ರಾಜ್ಯ ರಾಜ್ಯಗಳನ್ನು ಹೆಸರಿಸಿ ಮಾತನಾಡಿದೆ.