ತಿದ್ದಿದ ಎಕ್ಸ್‌ರೇಯಲ್ಲಿ ಹುಟ್ಟುವ ಹುಳುಕು

ಹಲ್ಲಿನ ಡಿಜಿಟಲ್ ಎಕ್ಸ್‌ರೇಯನ್ನು ತಿದ್ದಿ ಸ್ಪಷ್ಟಗೊಳಿಸುವ ವಿಧಾನಗಳನ್ನು ಹೋಲಿಸುವಾಗ ಪಿಎಸ್‌ಎನ್‌ಆರ್ ಎಂಬ ಅಂಕಿಯನ್ನು ನೆಚ್ಚಿಕೊಳ್ಳುವ ಅಭ್ಯಾಸ ಸಂಶೋಧನೆಯಲ್ಲಿ ಬೇರೂರಿದೆ. ತಿದ್ದಿದ ಚಿತ್ರ ಮೂಲಕ್ಕೆ ಎಷ್ಟು ಹತ್ತಿರವಿದೆ ಎಂದಷ್ಟೇ ಅದು ಅಳೆಯುತ್ತದೆ. ಹಾಗೆ ನೋಡಿದರೆ, ಏನನ್ನೂ ತಿದ್ದದ ಚಿತ್ರಕ್ಕೇ ಮೊದಲ ಸ್ಥಾನ ಸಿಗಬೇಕು! ಹುಳುಕು ಕಂಡಿತೇ ಎಂಬ ವೈದ್ಯರ ಪ್ರಶ್ನೆಯನ್ನು ಈ ಅಂಕಿ ಮುಟ್ಟುವುದೇ ಇಲ್ಲ.

ಫ್ರಾನ್ಸಿಸ್ ಮುಯೆನ್ ರೂಪಿಸಿದ ಡಿಜಿಟಲ್ ಎಕ್ಸ್‌ರೇ ವ್ಯವಸ್ಥೆ ರೇಡಿಯೋವಿಸಿಯೋಗ್ರಫಿ 1980ರ ದಶಕದ ಕೊನೆಯಲ್ಲಿ ಬಂದ ಮೇಲೆ (ನಮ್ಮ ಕ್ಲಿನಿಕ್ಕುಗಳಲ್ಲಿ ಯಾವ ಕಂಪನಿಯ ಸೆನ್ಸರ್ ಇದ್ದರೂ ಅದು 'ಆರ್‌ವಿಜಿ'ಯೇ) ಚಿತ್ರ ತಿದ್ದುವುದು ಮೌಸಿನ ಒಂದು ಕ್ಲಿಕ್ಕಿನ ಕೆಲಸವಾಯಿತು. ಹೀಗೆ ತಿದ್ದುವ ವಿಧಾನಗಳಲ್ಲಿ ಒಂದಾದ ಹಿಸ್ಟೋಗ್ರಾಮ್ ಸಮೀಕರಣ ಎಂಟು ಬಿಟ್ ಚಿತ್ರದ 256 ಬೂದು ಛಾಯೆಗಳನ್ನು ಇಡೀ ಚಿತ್ರಕ್ಕೆ ಒಂದೇ ಲೆಕ್ಕದಲ್ಲಿ ಮರುಹಂಚುತ್ತದೆ. ಹಲ್ಲಿನಾಚೆಯ ಕಪ್ಪು ಜಾಗ ಹೆಚ್ಚಿದ್ದರೆ ಛಾಯೆಗಳ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ, ಅಲ್ಲಿನ ನಾಯ್ಸ್ ಎದ್ದು ಕಾಣುತ್ತದೆ. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಕಾಂಟ್ರಾಸ್ಟಿಗೆ ಮಿತಿ ಹಾಕುವ 'ಕ್ಲಾಹೆ' ಇದಕ್ಕಿಂತ ವಿವೇಕದ ವಿಧಾನ. ದವಡೆ ಮೂಳೆಯ ಜಾಲರಿ ಅದರಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹುಸಿಬಣ್ಣ ಬಳಿಯುವುದು, ಉಬ್ಬುಚಿತ್ರದಂತೆ ತೋರಿಸುವುದು ರೋಗಿಗೆ ವಿವರಿಸಲು ಸಾಕು, ರೋಗನಿರ್ಣಯಕ್ಕೆ ಬೇಡ.

ನನಗೆ ನಿಜವಾದ ಆತಂಕ ಇರುವುದು ಶಾರ್ಪನಿಂಗ್ ಬಗ್ಗೆ. ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಹಿಡಿಸುವುದೂ ಅದೇ. ಅದು ಅಂಚಿನ ಬೆಳಕಿನ ಬದಿಯನ್ನು ಇನ್ನಷ್ಟು ಬಿಳಿಯಾಗಿಸಿ, ಕತ್ತಲ ಬದಿಯನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಲೋಹದ ಫಿಲ್ಲಿಂಗಿನ ಪಕ್ಕ ಹೀಗೆ ಮೂಡುವ ಕಪ್ಪು ಪಟ್ಟಿ, ಫಿಲ್ಲಿಂಗಿನ ಕೆಳಗೆ ಮತ್ತೆ ಹಿಡಿದ ಹುಳುಕಿನಂತೆಯೇ ಕಾಣುತ್ತದೆ. ಎನಾಮೆಲ್ ಮತ್ತು ಡೆಂಟಿನ್ ಸೇರುವ ಗೆರೆಯಲ್ಲಿ ಮನುಷ್ಯನ ಕಣ್ಣೇ ಮಾಕ್ ಪಟ್ಟಿ ಎಂಬ ಇಲ್ಲದ ನೆರಳನ್ನು ಕಲ್ಪಿಸಿಕೊಳ್ಳುತ್ತದೆ. ಶಾರ್ಪನಿಂಗ್ ಆ ಭ್ರಮೆಗೆ ಇನ್ನಷ್ಟು ಇಂಬು ಕೊಡುತ್ತದೆ. ಇಲ್ಲದ ಹುಳುಕಿಗಾಗಿ ಗಟ್ಟಿ ಹಲ್ಲನ್ನು ಕೊರೆದರೆ ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದೇ ಶಾರ್ಪನಿಂಗ್, ರೂಟ್ ಕೆನಾಲಿನಲ್ಲಿ ತುದಿ 0.15 ಮಿಲಿಮೀಟರಿನಷ್ಟೇ ಇರುವ 15ನೇ ನಂಬರಿನ ಫೈಲ್ ಎಂಬ ಸೂಜಿಯಂಥ ಉಪಕರಣ ಎಲ್ಲಿಗೆ ತಲುಪಿದೆ ಎಂದು ನೋಡಲು ನೆರವಾಗಬಲ್ಲದು. ಅಲ್ಲಿ ಫೈಲ್ ಇದೆಯೆಂಬುದು ಮೊದಲೇ ಗೊತ್ತು, ಹುಡುಕುತ್ತಿರುವುದು ಅದರ ತುದಿಯನ್ನು ಮಾತ್ರ. ಹೀಗಿರುವಾಗ ಎಲ್ಲಕ್ಕೂ ಸಲ್ಲುವ 'ಅತ್ಯುತ್ತಮ ವಿಧಾನ' ಒಂದನ್ನು ಘೋಷಿಸುವ ಹೋಲಿಕೆಯನ್ನು ನಾನು ಒಪ್ಪಲಾರೆ.

ಇನ್ನೊಂದು ತೊಡಕೂ ಇದೆ. ಸಾಫ್ಟ್‌ವೇರ್ ತೆರೆಗೆ ತರುವ 'ಮೂಲ' ಚಿತ್ರವೇ ಎಷ್ಟೋ ಸಲ ಒಳಗೇ ಒಂದು ಸುತ್ತು ಶಾರ್ಪನಿಂಗ್ ಆಗಿ ಬಂದಿರುತ್ತದೆ. ಸೆನ್ಸರಿನ ಕಚ್ಚಾ ಮಾಹಿತಿಯಿಂದಲೇ ಹೋಲಿಕೆ ಶುರುವಾಗಬೇಕು. ಕಿತ್ತ ಹಲ್ಲುಗಳ ಎಕ್ಸ್‌ರೇ ತೆಗೆದು, ಬಳಿಕ ಅವನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ, ವೈದ್ಯರು ಹಿಡಿದ ಹುಳುಕೆಷ್ಟು, ಇಲ್ಲದೆಡೆ ಕಂಡ ಹುಳುಕೆಷ್ಟು ಎಂಬ ಎರಡನ್ನೂ ಪ್ರತಿ ವಿಧಾನದ ಮುಂದೆ ಬರೆಯಬೇಕು.